ನ್ಯಾಯಬೆಲೆ ಅಂಗಡಿ ನಡೆಸಲು ಪ್ರಾಧಿಕಾರ ಪಡೆಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನರ ಬಾಯಲ್ಲಿ ರೇಷನ್ ಅಂಗಡಿ ಅಥವಾ ಸೊಸೈಟಿ ಎನಿಸಿಕೊಳ್ಳುವ ನ್ಯಾಯಬೆಲೆ ಅಂಗಡಿಯನ್ನು ಕರ್ನಾಟಕದಲ್ಲಿ ಹೊಸದಾಗಿ ನಡೆಸಬೇಕೆಂದಿರುವ ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು ಮತ್ತು ವ್ಯಕ್ತಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಅರ್ಜಿ ತುಂಬುವ ಕ್ರಮಕ್ಕಿಂತ, ಅರ್ಜಿಗೆ ಸಹಿ ಹಾಕುವ ಮೊದಲು ಕುಳಿತು ಯೋಚಿಸಬೇಕಾದ ಸಂಗತಿಗಳಿಗೆ ಹೆಚ್ಚು ಜಾಗ ಸಿಕ್ಕಿದೆ. ಪ್ರಾಧಿಕಾರ, ಅಂದರೆ ಅಂಗಡಿ ನಡೆಸಲು ಇಲಾಖೆ ಕೊಡುವ ಅನುಮತಿ, ಪಡೆಯುವುದು ಒಂದು ಕಷ್ಟವಾದರೆ, ಪಡೆದ ಮೇಲೆ ತಿಂಗಳ ಕೊನೆಯಲ್ಲಿ ದಾಸ್ತಾನು ಮತ್ತು ಲೆಕ್ಕ ಎರಡನ್ನೂ ಸರಿದೂಗಿಸುವುದು ಅದಕ್ಕಿಂತ ದೊಡ್ಡ ಕಷ್ಟ.

ಅನುಮತಿ ಯಾವ ಕಾನೂನಿನ ಅಡಿಯಲ್ಲಿ ಸಿಗುತ್ತದೆ? ಕೊಡುವವರು ಯಾರು?

ಮೂಲ ಅಧಿಕಾರ ಇರುವುದು ಅಗತ್ಯ ವಸ್ತುಗಳ ಕಾಯ್ದೆ, 1955ರ 3ನೇ ಕಲಮಿನಲ್ಲಿ. ಅದರ ಅಡಿಯಲ್ಲಿ ಕೇಂದ್ರ ಸರ್ಕಾರವು 2015ರಲ್ಲಿ ಉದ್ದೇಶಿತ ಸಾರ್ವಜನಿಕ ವಿತರಣಾ ಪದ್ಧತಿ ನಿಯಂತ್ರಣ ಆದೇಶವನ್ನು ಹೊರಡಿಸಿತು. ಅಂಗಡಿಗಳಿಗೆ ಅನುಮತಿ ಕೊಡುವ ವಿವರವಾದ ನಿಯಮಗಳನ್ನು ಆಯಾ ರಾಜ್ಯವೇ ಮಾಡಿಕೊಳ್ಳಬೇಕೆಂದು ಅದು ಹೇಳುತ್ತದೆ. ಅದಕ್ಕೆ ಅನುಗುಣವಾಗಿ ಬಂದದ್ದು ಕರ್ನಾಟಕ ಅಗತ್ಯ ವಸ್ತುಗಳ ಸಾರ್ವಜನಿಕ ವಿತರಣಾ ಪದ್ಧತಿ ನಿಯಂತ್ರಣ ಆದೇಶ, 2016. ಇದಲ್ಲದೆ ಯಾರಿಗೆ ಎಷ್ಟು ಧಾನ್ಯ ಎಂಬುದನ್ನೂ, ಅಂಗಡಿ ಹಂಚುವಾಗ ಯಾರಿಗೆ ಆದ್ಯತೆ ಎಂಬುದನ್ನೂ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013 ನಿರ್ಧರಿಸುತ್ತದೆ.

ಅನುಮತಿಯನ್ನು ಇಲಾಖೆಯ ಕಾಗದಗಳಲ್ಲಿ ಪ್ರಾಧಿಕಾರ ಎಂದೇ ಬರೆಯುತ್ತಾರೆ. ಅದನ್ನು ಮಂಜೂರು ಮಾಡುವವರು ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆಯ ಜಿಲ್ಲಾ ಮಟ್ಟದ ಅಧಿಕಾರಿ, ಅಂದರೆ ಜಿಲ್ಲೆಯನ್ನು ನೋಡಿಕೊಳ್ಳುವ ಜಂಟಿ ನಿರ್ದೇಶಕರು ಅಥವಾ ಉಪ ನಿರ್ದೇಶಕರು. ತಾಲ್ಲೂಕಿನಲ್ಲಿ ತಹಶೀಲ್ದಾರರು, ಆಹಾರ ಶಿರಸ್ತೇದಾರರು ಮತ್ತು ಆಹಾರ ನಿರೀಕ್ಷಕರು ಸ್ಥಳ ಪರಿಶೀಲಿಸಿ ವರದಿ ಕಳಿಸುತ್ತಾರೆ. ಮಂಜೂರು ಮಾಡುವ ಅಧಿಕಾರ ಅವರದಲ್ಲದಿದ್ದರೂ ಅವರ ವರದಿಯ ತೂಕ ಕಡಿಮೆಯದೇನಲ್ಲ.

ನಮ್ಮ ಊರಿನಲ್ಲಿ ಅಂಗಡಿಯೇ ಇಲ್ಲ. ನೇರವಾಗಿ ಅರ್ಜಿ ಕೊಡಬಹುದೇ?

ಕಿರಾಣಿ ಅಂಗಡಿಯ ಹಾಗೆ ಮನಸ್ಸಿಗೆ ಬಂದ ಜಾಗದಲ್ಲಿ ಇದನ್ನು ತೆರೆಯಲು ಬರುವುದಿಲ್ಲ. ಮೊದಲು ಇಂಥ ಊರಿಗೆ ಅಥವಾ ವಾರ್ಡಿಗೆ ಹೊಸ ಅಂಗಡಿ ಬೇಕೆಂದು ಇಲಾಖೆ ತೀರ್ಮಾನಿಸಬೇಕು, ಆಮೇಲೆ ಪ್ರಕಟಣೆ ಹೊರಡಿಸಿ ಅರ್ಜಿ ಕರೆಯಬೇಕು. ಇರುವ ಅಂಗಡಿಗೆ ಪಡಿತರ ಚೀಟಿಗಳು ಮಿತಿಮೀರಿ ಸೇರಿದ್ದರೆ, ಜನ ನಡೆದುಬರಲು ಆಗದಷ್ಟು ದೂರವಿದ್ದರೆ, ಅಥವಾ ಹಿಂದಿನ ಅಂಗಡಿಯ ಪ್ರಾಧಿಕಾರ ರದ್ದಾಗಿ ಅಲ್ಲಿನ ಕಾರ್ಡುಗಳನ್ನು ಪಕ್ಕದ ಊರಿಗೆ ತಾತ್ಕಾಲಿಕವಾಗಿ ಜೋಡಿಸಿದ್ದರೆ ಇಂಥ ತೀರ್ಮಾನಕ್ಕೆ ಅವಕಾಶ ಹೆಚ್ಚು. ಒಂದು ಅಂಗಡಿಗೆ ಸೇರುವ ಕಾರ್ಡುಗಳ ಸಂಖ್ಯೆ ಸಮಂಜಸವಾಗಿರಬೇಕು, ಅಂಗಡಿ ಕಾರ್ಡುದಾರರಿಗೆ ತಲುಪಲು ಕಷ್ಟವಾಗದ ಜಾಗದಲ್ಲಿರಬೇಕು ಎಂದು 2015ರ ಆದೇಶವೂ ಹೇಳುತ್ತದೆ.

ಆದ್ದರಿಂದ ಪ್ರಕಟಣೆ ಇಲ್ಲದಿದ್ದಾಗ ಮಾಡಬೇಕಾದದ್ದು ಪ್ರಾಧಿಕಾರಕ್ಕೆ ಅರ್ಜಿ ಹಾಕುವುದಲ್ಲ, ಬೇಡಿಕೆ ಸಲ್ಲಿಸುವುದು. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಠರಾವು ಮಾಡಿಸಿ, ಊರಿನಲ್ಲಿರುವ ಕಾರ್ಡುಗಳ ಸಂಖ್ಯೆ, ಈಗಿನ ಅಂಗಡಿಗೆ ಇರುವ ದೂರ, ನಡುವೆ ಹಳ್ಳವೋ ಹೆದ್ದಾರಿಯೋ ಅಡ್ಡ ಬರುತ್ತಿದ್ದರೆ ಆ ವಿವರ ಎಲ್ಲವನ್ನೂ ಬರೆದು ತಹಶೀಲ್ದಾರರ ಮೂಲಕ ಜಿಲ್ಲಾ ಕಚೇರಿಗೆ ಕಳಿಸುವುದು ಸರಿಯಾದ ದಾರಿ. ಹೀಗೆ ಬೇಡಿಕೆ ಇಟ್ಟವರಿಗೇ ಅಂಗಡಿ ಸಿಗಬೇಕೆಂಬ ನಿಯಮವಿಲ್ಲ. ಪ್ರಕಟಣೆ ಹೊರಬಿದ್ದ ಮೇಲೆ ಅರ್ಹರಾದ ಯಾರು ಬೇಕಾದರೂ ಅರ್ಜಿ ಹಾಕಬಹುದು.

ಯಾರಿಗೆ ಆದ್ಯತೆ? ಸಾಮಾನ್ಯ ವ್ಯಕ್ತಿಯೊಬ್ಬರಿಗೆ ಅಂಗಡಿ ಸಿಗುತ್ತದೆಯೇ?

ಆಹಾರ ಭದ್ರತಾ ಕಾಯ್ದೆಯ 12ನೇ ಕಲಮು ಪಂಚಾಯಿತಿ, ಸ್ವಸಹಾಯ ಗುಂಪು, ಸಹಕಾರ ಸಂಘದಂಥ ಸಾರ್ವಜನಿಕ ಸಂಸ್ಥೆಗಳಿಗೆ ಆದ್ಯತೆ ಕೊಡಬೇಕೆಂದೂ ಅಂಗಡಿಗಳ ನಿರ್ವಹಣೆ ಮಹಿಳೆಯರ ಅಥವಾ ಮಹಿಳಾ ಗುಂಪುಗಳ ಕೈಯಲ್ಲಿರಬೇಕೆಂದೂ ಹೇಳುತ್ತದೆ. ಕರ್ನಾಟಕದ ಪ್ರಕಟಣೆಗಳು ಇದೇ ಜಾಡಿನಲ್ಲಿ ನಡೆಯುತ್ತವೆ. ಸರ್ಕಾರಿ ಸ್ವಾಮ್ಯದ ನಿಗಮಗಳು, ಗ್ರಾಮ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳು, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ತಾಲ್ಲೂಕು ಕೃಷಿ ಹುಟ್ಟುವಳಿ ಮಾರಾಟ ಸಹಕಾರ ಸಂಘಗಳು, ಆದಿವಾಸಿಗಳ ವಿವಿಧೋದ್ದೇಶ ಸಂಘಗಳು, ನೇಕಾರರ ಸಹಕಾರ ಸಂಘಗಳು, ಬಳಕೆದಾರರ ಸಹಕಾರ ಸಂಘಗಳು, ಸ್ತ್ರೀಶಕ್ತಿ ಮತ್ತು ಇತರ ಮಹಿಳಾ ಸ್ವಸಹಾಯ ಗುಂಪುಗಳು ಅರ್ಹರ ಪಟ್ಟಿಯಲ್ಲಿ ಬರುತ್ತವೆ. ವಿಕಲಚೇತನರು ಮತ್ತು ತೃತೀಯ ಲಿಂಗಿಗಳಿಗೂ ಪ್ರಕಟಣೆಗಳಲ್ಲಿ ಸ್ಥಾನ ಸಿಕ್ಕಿದೆ.

ಈ ಯಾವ ವರ್ಗಕ್ಕೂ ಸೇರದ ವ್ಯಕ್ತಿ, ಉದಾಹರಣೆಗೆ ಊರಿನಲ್ಲಿ ಸ್ವಂತ ಮಳಿಗೆ ಇರುವ ವ್ಯಾಪಾರಿ, ಹೊಸ ಅಂಗಡಿಯ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಖಾಸಗಿಯವರು ನಡೆಸುತ್ತಿರುವ ಅಂಗಡಿಗಳು ಇಂದಿಗೂ ಎಷ್ಟೋ ಇವೆ, ನಿಜ. ಆದರೆ ಅವು ಹಿಂದಿನ ನಿಯಮಗಳ ಕಾಲದಲ್ಲಿ ಮಂಜೂರಾದವು ಅಥವಾ ಕುಟುಂಬದವರಿಗೆ ಅನುಕಂಪದ ಮೇಲೆ ಮುಂದುವರಿದವು.

ಸಹಕಾರ ಸಂಘ ಅಥವಾ ಸ್ವಸಹಾಯ ಗುಂಪು ನೋಂದಣಿಯಾಗಿ ಕನಿಷ್ಠ ಇಷ್ಟು ವರ್ಷ ಆಗಿರಬೇಕು, ಬ್ಯಾಂಕ್ ಖಾತೆಯಲ್ಲಿ ಇಷ್ಟು ಹಣವಿರಬೇಕು, ವಹಿವಾಟು ನಿರಂತರವಾಗಿರಬೇಕು ಎಂಬ ಷರತ್ತುಗಳನ್ನು ಪ್ರಕಟಣೆಯಲ್ಲೇ ನಮೂದಿಸಿರುತ್ತಾರೆ. ಅಂಗಡಿಗೆಂದೇ ಅವಸರದಲ್ಲಿ ಕಟ್ಟಿದ ಗುಂಪುಗಳು ಸೋಲುವುದು ಈ ಷರತ್ತಿನಲ್ಲಿಯೇ. ಅರ್ಜಿಗೆ ಒಂದು ವಾರ ಮುಂಚೆ ಎಲ್ಲಿಂದಲೋ ಸಾಲ ತಂದು ಖಾತೆಗೆ ತುಂಬಿದ ಹಣ ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುತ್ತದೆ ಎಂಬುದನ್ನೂ ಮರೆಯಬಾರದು.

ಅರ್ಜಿಯ ಜೊತೆ ಯಾವ ದಾಖಲೆಗಳು ಬೇಕು?

ಪ್ರಕಟಣೆಯಲ್ಲಿರುವ ಪಟ್ಟಿಯೇ ಅಂತಿಮ. ಸಾಮಾನ್ಯವಾಗಿ ಸಂಘದ ನೋಂದಣಿ ಪತ್ರ ಮತ್ತು ಬೈಲಾ, ಅಂಗಡಿ ನಡೆಸಲು ಒಪ್ಪಿ ಆಡಳಿತ ಮಂಡಳಿ ಮಾಡಿದ ಠರಾವಿನ ದೃಢೀಕೃತ ಪ್ರತಿ, ಲೆಕ್ಕಪರಿಶೋಧನಾ ವರದಿಗಳು, ಬ್ಯಾಂಕ್ ಪಾಸ್‌ಬುಕ್ ಅಥವಾ ಖಾತೆಯ ವಿವರ, ಮಳಿಗೆ ಸ್ವಂತದ್ದಾದರೆ ಖಾತಾ ಮತ್ತು ತೆರಿಗೆ ರಸೀದಿ, ಬಾಡಿಗೆಯದ್ದಾದರೆ ಕರಾರು ಪತ್ರ, ಮಳಿಗೆಯ ನಕ್ಷೆ ಮತ್ತು ಚೆಕ್‌ಬಂದಿ, ಅಂಗಡಿಯನ್ನು ನಿತ್ಯ ನೋಡಿಕೊಳ್ಳುವವರ ಗುರುತು ಮತ್ತು ವಿದ್ಯಾರ್ಹತೆಯ ದಾಖಲೆ ಇವುಗಳನ್ನು ಕೇಳುತ್ತಾರೆ.

ಹೆಚ್ಚು ಎಡವುವುದು ಠರಾವಿನಲ್ಲಿ. ‘ನ್ಯಾಯಬೆಲೆ ಅಂಗಡಿ ನಡೆಸಲು ತೀರ್ಮಾನಿಸಲಾಯಿತು’ ಎಂಬ ಒಂದು ಸಾಲು ಸಾಲದು. ಯಾವ ಊರಿನ ಅಂಗಡಿ, ಯಾವ ಮಳಿಗೆಯಲ್ಲಿ, ಯಾರ ಹೊಣೆಯಲ್ಲಿ, ಮೊದಲ ತಿಂಗಳುಗಳ ಖರ್ಚಿಗೆ ಸಂಘದ ಯಾವ ಲೆಕ್ಕದಿಂದ ಹಣ ಎಂಬುದನ್ನು ಠರಾವು ಬಿಡಿಸಿ ಹೇಳಿದರೆ ಸ್ಥಳ ಪರಿಶೀಲನೆಗೆ ಬಂದವರಿಗೆ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ. ಬೈಲಾದಲ್ಲಿ ಪಡಿತರ ವಿತರಣೆ ಅಥವಾ ಗ್ರಾಹಕ ವಸ್ತುಗಳ ಮಾರಾಟಕ್ಕೆ ಅವಕಾಶ ಇದೆಯೇ ಎಂದೂ ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬೈಲಾ ತಿದ್ದುಪಡಿಗೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ.

ಮಳಿಗೆ ಎಷ್ಟು ದೊಡ್ಡದಿರಬೇಕು?

ಅಳತೆಗಿಂತ ಮೊದಲು ಚೀಲಗಳನ್ನು ಎಣಿಸಿ ನೋಡುವುದು ಜಾಣತನ. ಅಂಗಡಿಗೆ 500 ಕಾರ್ಡುಗಳು, ಕಾರ್ಡಿಗೆ ಸರಾಸರಿ 4 ಮಂದಿ, ತಲೆಗೆ 10 ಕೆಜಿ ಎಂದಿಟ್ಟುಕೊಂಡರೆ ತಿಂಗಳಿಗೆ 20,000 ಕೆಜಿ, ಅಂದರೆ 50 ಕೆಜಿಯ 400 ಚೀಲಗಳು. ಹತ್ತು ಚೀಲದ ಎತ್ತರಕ್ಕೆ ಅಟ್ಟಿ ಹಾಕಿದರೂ ನೆಲದ ಮೇಲೆ 40 ಚೀಲಗಳನ್ನು ಮಲಗಿಸುವಷ್ಟು ಜಾಗ ಬೇಕು. ಅದರ ಜೊತೆಗೆ ತಕ್ಕಡಿ, ಕಾರ್ಡುದಾರರ ಬೆರಳಚ್ಚು ಪಡೆದು ವಿತರಣೆಯನ್ನು ದಾಖಲಿಸುವ ಯಂತ್ರ, ಮೇಜು, ಕೈಕಾಲು ಆಡಿಸಲು ಜಾಗ, ಸಾಲಿನಲ್ಲಿ ನಿಂತವರಿಗೆ ನೆರಳು ಎಲ್ಲವೂ ಆಗಬೇಕು.

ನೆಲ ತೇವ ಎಳೆಯಬಾರದು. ಎಳೆಯುವಂತಿದ್ದರೆ ಚೀಲಗಳ ಅಡಿ ಮರದ ಹಲಗೆ ಹಾಸಲೇಬೇಕು ಮತ್ತು ಗೋಡೆಯಿಂದ ಗೇಣಿಗೂ ಹೆಚ್ಚು ಅಂತರ ಬಿಟ್ಟು ಅಟ್ಟಿ ಹಾಕಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಕೆಳಸಾಲಿನ ಚೀಲಗಳು ಮುಗ್ಗಲು ಹಿಡಿಯುತ್ತವೆ. ಲಾರಿ ಬಾಗಿಲವರೆಗೆ ಬರುವ ದಾರಿ, ವಿದ್ಯುತ್ ಸಂಪರ್ಕ, ಮೊಬೈಲ್ ಸಿಗ್ನಲ್ ಇವು ಮೂರೂ ಇಲ್ಲದ ಮಳಿಗೆಯನ್ನು ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ ಒಪ್ಪಿಕೊಂಡವರು ಪ್ರತಿ ತಿಂಗಳೂ ಅದರ ಬೆಲೆ ತೆರುತ್ತಾರೆ.

ಅರ್ಜಿ ಕೊಟ್ಟ ಮೇಲೆ ಏನೇನು ನಡೆಯುತ್ತದೆ?

ತಾಲ್ಲೂಕು ಕಚೇರಿಯಲ್ಲಿ ದಾಖಲೆ ಪರಿಶೀಲನೆ, ಆಹಾರ ನಿರೀಕ್ಷಕರಿಂದ ಸ್ಥಳ ತನಿಖೆ, ತಹಶೀಲ್ದಾರರ ಶಿಫಾರಸು, ಕೊನೆಗೆ ಜಿಲ್ಲಾ ಕಚೇರಿಯ ಆದೇಶ. ಆಯ್ಕೆಯಾದವರು ಭದ್ರತಾ ಠೇವಣಿ ಮತ್ತು ಶುಲ್ಕ ಕಟ್ಟಿ ಪ್ರಾಧಿಕಾರ ಪತ್ರ ಪಡೆಯುತ್ತಾರೆ. ಬಳಿಕ ಅಂಗಡಿಗೆ ಸಂಖ್ಯೆ ಕೊಟ್ಟು, ಕಾರ್ಡುಗಳನ್ನು ಜೋಡಿಸಿ, ನಡೆಸುವವರ ಆಧಾರ್ ಮತ್ತು ಬೆರಳಚ್ಚನ್ನು ತಂತ್ರಾಂಶಕ್ಕೆ ಸೇರಿಸಿದ ಮೇಲೆ ಹಂಚಿಕೆ ಶುರುವಾಗುತ್ತದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಅರ್ಜಿ ತಿರಸ್ಕೃತವಾದರೆ ಕಾರಣ ನಮೂದಿಸಿದ ಲಿಖಿತ ಆದೇಶವನ್ನು ಕೇಳಿ ಪಡೆಯಬೇಕು, ಬಾಯಿಮಾತಿನ ಉತ್ತರದ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ಬೇರೆ ಅರ್ಜಿದಾರರನ್ನು ಯಾವ ಆಧಾರದ ಮೇಲೆ ಆಯ್ಕೆ ಮಾಡಲಾಯಿತು ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಕೇಳಬಹುದು, ಅದಕ್ಕೆ 30 ದಿನಗಳೊಳಗೆ ಉತ್ತರ ಬರಬೇಕು.

ತಿಂಗಳಿಗೆ ಎಷ್ಟು ಸಂಪಾದನೆ ಆಗುತ್ತದೆ?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದು, ಮೊದಲೇ ಕೇಳಿಕೊಳ್ಳಬೇಕಾದದ್ದೂ ಇದೇ. ಧಾನ್ಯ ಕಾರ್ಡುದಾರರಿಗೆ ಉಚಿತ. ಆಹಾರ ಭದ್ರತಾ ಕಾಯ್ದೆಯಲ್ಲಿ ಕೆಜಿಗೆ ಅಕ್ಕಿಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ರಾಗಿ, ಜೋಳದಂಥ ಧಾನ್ಯಕ್ಕೆ 1 ರೂಪಾಯಿ ಎಂದು ಇದ್ದ ದರವನ್ನು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಕೈಬಿಟ್ಟು, 2024ರ ಜನವರಿ 1ರಿಂದ ಮತ್ತೆ ಐದು ವರ್ಷಗಳಿಗೆ ಉಚಿತ ವಿತರಣೆಯನ್ನು ಮುಂದುವರಿಸಿದೆ. ಹಾಗಾಗಿ ಅಂಗಡಿಯವರಿಗೆ ಗಿರಾಕಿಯಿಂದ ಒಂದು ಪೈಸೆಯೂ ಬರುವುದಿಲ್ಲ, ಬರುವುದೆಲ್ಲ ಸರ್ಕಾರ ಕೊಡುವ ಕಮಿಷನ್.

ಕೇಂದ್ರದ ಲೆಕ್ಕದಲ್ಲಿ ಕರ್ನಾಟಕದಂಥ ಸಾಮಾನ್ಯ ವರ್ಗದ ರಾಜ್ಯಗಳಿಗೆ ಕ್ವಿಂಟಾಲಿಗೆ 70 ರೂಪಾಯಿ ಇದ್ದ ಲಾಭಾಂಶ 2022ರಲ್ಲಿ 90 ರೂಪಾಯಿ ಆಯಿತು, ಯಂತ್ರದ ಮೂಲಕ ವಿತರಿಸುವುದಕ್ಕೆ ಕೊಡುವ ಹೆಚ್ಚುವರಿ ಮೊತ್ತ 17ರಿಂದ 21 ರೂಪಾಯಿಗೆ ಏರಿತು. ಅದಕ್ಕೆ ರಾಜ್ಯ ತನ್ನ ಪಾಲು ಸೇರಿಸಿ ಕೊಡುತ್ತದೆ. ಕರ್ನಾಟಕದಲ್ಲಿ ಕ್ವಿಂಟಾಲಿಗೆ 124 ರೂಪಾಯಿ ಇದ್ದ ಕಮಿಷನ್ 150 ರೂಪಾಯಿಗೆ ಏರಿದೆ.

ಮೇಲೆ ಹೇಳಿದ 500 ಕಾರ್ಡಿನ ಅಂಗಡಿಯನ್ನೇ ತೆಗೆದುಕೊಳ್ಳೋಣ. ತಿಂಗಳಿಗೆ 200 ಕ್ವಿಂಟಾಲ್ ಹಂಚಿದರೆ 150 ರೂಪಾಯಿಯಂತೆ 30,000 ರೂಪಾಯಿ. ತಲೆಗೆ 5 ಕೆಜಿ ಮಾತ್ರ ಹಂಚುವ ತಿಂಗಳಲ್ಲಿ ಅದು ಅರ್ಧಕ್ಕೆ, ಅಂದರೆ 15,000 ರೂಪಾಯಿಗೆ ಇಳಿಯುತ್ತದೆ. ಇದು ಊಹೆಯ ಮಾತಲ್ಲ: 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ರಾಜ್ಯ ಸರ್ಕಾರ ನೇರವಾಗಿ ಫಲಾನುಭವಿಗಳ ಖಾತೆಗೆ ಹಾಕಿತು, ಮತ್ತೆ ಅಕ್ಕಿಯನ್ನೇ ಕೊಡಲು ಶುರುಮಾಡಿದ್ದು 2025ರಲ್ಲಿ. ಆ ನಡುವೆ ಅಂಗಡಿಗಳಲ್ಲಿ ಹಂಚಿಕೆಯಾದ ಧಾನ್ಯ ಕಡಿಮೆಯಾದಂತೆ ಕಮಿಷನ್ನೂ ಕಡಿಮೆಯಾಯಿತು, ಬಾಡಿಗೆ ಮಾತ್ರ ಕಡಿಮೆಯಾಗಲಿಲ್ಲ. ಸರ್ಕಾರದ ಯೋಜನೆ ಬದಲಾದ ಹಾಗೆಲ್ಲ ಅಂಗಡಿಯ ಆದಾಯವೂ ಬದಲಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮುಂದುವರಿಯಬೇಕು.

ಇದರಲ್ಲಿ ಬಾಡಿಗೆ, ಸಹಾಯಕರ ಸಂಬಳ, ವಿದ್ಯುತ್, ಇಂಟರ್ನೆಟ್, ಹಮಾಲಿ, ತೂಕದಲ್ಲಿ ಆಗುವ ಸೋರಿಕೆ ಎಲ್ಲವನ್ನೂ ಕಳೆಯಬೇಕು. ಕಮಿಷನ್ ಪ್ರತಿ ತಿಂಗಳೂ ಕೈಸೇರುತ್ತದೆಂಬ ಭರವಸೆಯೂ ಇಲ್ಲ. ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ ಎಂಬುದು ಪಡಿತರ ವಿತರಕರ ಹಳೆಯ ದೂರು. ಸ್ವಂತ ಕಟ್ಟಡ, ಸಂಬಳ ಪಡೆಯುವ ಗುಮಾಸ್ತ, ಗೊಬ್ಬರ ಬೀಜದ ವಹಿವಾಟು ಈಗಾಗಲೇ ಇರುವ ಸಹಕಾರ ಸಂಘಕ್ಕೆ ಇದು ಒಳ್ಳೆಯ ಉಪ ಆದಾಯ. ಇದೊಂದನ್ನೇ ನಂಬಿಕೊಂಡು, ಬಾಡಿಗೆ ಮಳಿಗೆ ಹಿಡಿದು, 200 ಕಾರ್ಡಿನ ಅಂಗಡಿ ನಡೆಸಲು ಹೊರಟ ಹತ್ತು ಹೆಂಗಸರ ಗುಂಪಿಗೆ ಮಾತ್ರ ನಮ್ಮ ಸಲಹೆ, ಸಹಿ ಹಾಕುವ ಮುನ್ನ ಒಂದು ಹಾಳೆಯ ಮೇಲೆ ಈ ಲೆಕ್ಕ ಹಾಕಿ ನೋಡಿ ಎಂಬುದೇ.

ಅದೇ ಮಳಿಗೆಯಲ್ಲಿ ಬೇರೆ ಸಾಮಾನು ಮಾರಬಹುದೇ?

ಅಂಗಡಿ ತಾಳಿಕೊಂಡು ನಡೆಯಲೆಂದು ಪಡಿತರವಲ್ಲದ ವಸ್ತುಗಳ ಮಾರಾಟಕ್ಕೆ ರಾಜ್ಯಗಳು ಅವಕಾಶ ಕೊಡಬೇಕೆಂದು 2015ರ ಆದೇಶವೇ ಹೇಳುತ್ತದೆ. ಸೋಪು, ಉಪ್ಪು, ಎಣ್ಣೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆಹಾರ ಪದಾರ್ಥಗಳಾದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು. ಅಕ್ಕಿ ಬೇಕಾದರೆ ಸೋಪೂ ಕೊಳ್ಳಬೇಕು ಎಂದು ಕಾರ್ಡುದಾರರ ಮೇಲೆ ಹೇರಿದರೆ ಅದು ಅಪರಾಧ. ಸಂಘದ ಅಂಗಡಿಯಲ್ಲಿ ಅಕ್ಕಿಯನ್ನೇ ಮಾರುವ ಯೋಚನೆ ಇದ್ದರೆ ಬಿಟ್ಟುಬಿಡುವುದು ಕ್ಷೇಮ, ತನಿಖೆಯ ದಿನ ಯಾವ ಚೀಲ ಯಾವುದರದ್ದೆಂದು ಯಾರೂ ನಂಬುವುದಿಲ್ಲ.

ಧಾನ್ಯ ಎಲ್ಲಿಂದ ಬರುತ್ತದೆ? ತೂಕ ಕಡಿಮೆ ಬಂದರೆ ಯಾರು ಹೊಣೆ?

ಭಾರತೀಯ ಆಹಾರ ನಿಗಮದ ಗೋದಾಮಿನಿಂದ ಎತ್ತುವಳಿಯಾದ ಧಾನ್ಯ ತಾಲ್ಲೂಕಿನ ಸಗಟು ಗೋದಾಮಿಗೆ ಬರುತ್ತದೆ. ಈ ಸಗಟು ಗೋದಾಮುಗಳನ್ನು ಹೆಚ್ಚಾಗಿ ಕರ್ನಾಟಕ ಆಹಾರ ಮತ್ತು ನಾಗರಿಕ ಸರಬರಾಜು ನಿಗಮ ಅಥವಾ ತಾಲ್ಲೂಕು ಮಾರಾಟ ಸಹಕಾರ ಸಂಘ ನಡೆಸುತ್ತವೆ. ಅಲ್ಲಿಂದ ಅಂಗಡಿಯ ಬಾಗಿಲಿಗೆ ಧಾನ್ಯ ತಲುಪಿಸುವುದು ರಾಜ್ಯ ಸರ್ಕಾರದ ಕರ್ತವ್ಯ ಎಂದು ಆಹಾರ ಭದ್ರತಾ ಕಾಯ್ದೆಯ 24ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಲಾರಿಯಿಂದ ಚೀಲ ಇಳಿಸುವ ಹಮಾಲಿಯ ಕೂಲಿ ಯಾರದು ಎಂಬ ಜಗಳ ಊರೂರಲ್ಲಿ ಇದ್ದದ್ದೇ.

ತೂಕದ ವಿಷಯದಲ್ಲಿ ಹೊಸಬರು ಮೊದಲ ದಿನವೇ ಗಟ್ಟಿಯಾಗಿ ನಿಲ್ಲಬೇಕು. ಖಾಲಿ ಗೋಣಿಚೀಲವೇ ಅರ್ಧ ಕೆಜಿಗೂ ಮೇಲೆ ತೂಗುತ್ತದೆ. ಚೀಲ ಸಮೇತ 50 ಕೆಜಿ ತೋರಿಸಿದರೆ ಒಳಗಿರುವ ಅಕ್ಕಿ 49 ಚಿಲ್ಲರೆ ಕೆಜಿ ಮಾತ್ರ. 400 ಚೀಲಗಳಿಗೆ ಹೀಗೆ ಚೀಲಕ್ಕೆ ಅರ್ಧ ಕೆಜಿಯಂತೆ ಹೋದರೂ 200 ಕೆಜಿ, ಎಂದರೆ 20 ಜನರ ತಿಂಗಳ ಅಕ್ಕಿ ಲೆಕ್ಕದಲ್ಲಿದೆ, ಅಂಗಡಿಯಲ್ಲಿಲ್ಲ. ಲಾರಿ ಚಾಲಕ ಅವಸರ ಮಾಡುತ್ತಾನೆ, ಇನ್ನೂ ನಾಲ್ಕು ಊರಿಗೆ ಹೋಗಬೇಕು ಎನ್ನುತ್ತಾನೆ. ಹಾಗೆಂದು ತೂಗದೆ ರಸೀದಿಗೆ ಸಹಿ ಹಾಕಿಬಿಟ್ಟರೆ ಆ ಕೊರತೆ ಅಂಗಡಿಯವರ ತಲೆಗೇ ಕಟ್ಟುತ್ತದೆ. ಚೀಲಗಳನ್ನು ತೂಗಿಸಿ, ಹರಿದ ಮತ್ತು ನೆನೆದ ಚೀಲಗಳನ್ನು ಬೇರೆ ಇಟ್ಟು, ಬಂದ ನಿಜವಾದ ತೂಕವನ್ನು ರಸೀದಿಯ ಎರಡೂ ಪ್ರತಿಗಳಲ್ಲಿ ಬರೆದು ಚಾಲಕನ ಸಹಿ ಪಡೆದು, ಅದೇ ದಿನ ಆಹಾರ ನಿರೀಕ್ಷಕರಿಗೆ ಬರಹದಲ್ಲಿ ತಿಳಿಸಬೇಕು. ಮೇಲಿಂದ ಕಡಿಮೆ ಬಂತು ಎಂಬ ಸಮಜಾಯಿಷಿಯನ್ನು ಕಾರ್ಡುದಾರರೂ ಒಪ್ಪುವುದಿಲ್ಲ, ಅಧಿಕಾರಿಯೂ ಒಪ್ಪುವುದಿಲ್ಲ.

ಅಂಗಡಿಯ ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಪ್ರಮಾಣಪತ್ರವನ್ನು ಎದುರಿಗೇ ತೂಗುಹಾಕಿದರೆ ಅರ್ಧ ಅನುಮಾನ ಅಲ್ಲೇ ಇಳಿಯುತ್ತದೆ.

ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ನಾವು ನಿರ್ಧರಿಸಬೇಕೇ?

ಇಲ್ಲ. ಆದ್ಯತಾ ಕುಟುಂಬದ ಕಾರ್ಡಿಗೆ ತಲೆಗೆ 5 ಕೆಜಿ, ಅಂತ್ಯೋದಯ ಕಾರ್ಡಿಗೆ ಕುಟುಂಬಕ್ಕೆ 35 ಕೆಜಿ ಎಂಬುದು ಕಾಯ್ದೆಯ ಪ್ರಮಾಣ, ಅದರ ಮೇಲೆ ರಾಜ್ಯ ಕೊಡುವುದು ಬೇರೆ. ಆ ತಿಂಗಳ ಹಂಚಿಕೆ, ಅಕ್ಕಿಯ ಜೊತೆ ರಾಗಿಯೋ ಜೋಳವೋ ಎಂಬುದು ಎಲ್ಲವೂ ಯಂತ್ರದಲ್ಲೇ ಕಾಣುತ್ತದೆ.

ಹೆಬ್ಬೆಟ್ಟು ಹೊಂದದಿದ್ದರೆ ಅಥವಾ ಸರ್ವರ್ ಕೈಕೊಟ್ಟರೆ ಏನು ಮಾಡಬೇಕು?

ಗಾರೆ ಕೆಲಸ, ಹೊಲದ ಕೆಲಸ ಮಾಡುವವರ ಮತ್ತು ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. ಒಂದು ಬೆರಳು ಆಗದಿದ್ದರೆ ಇನ್ನೊಂದು, ಆ ವ್ಯಕ್ತಿಯದು ಆಗದಿದ್ದರೆ ಕಾರ್ಡಿನಲ್ಲಿರುವ ಮತ್ತೊಬ್ಬ ಸದಸ್ಯರದು, ಅದೂ ಆಗದಿದ್ದರೆ ಮೊಬೈಲಿಗೆ ಬರುವ ಒಟಿಪಿ, ಕೊನೆಗೆ ಬೆರಳಚ್ಚಿನಿಂದ ವಿನಾಯಿತಿ ಪಡೆದವರ ಇಲಾಖೆಯ ಪಟ್ಟಿ ಹೀಗೆ ಕ್ರಮವಾಗಿ ಪ್ರಯತ್ನಿಸಬೇಕು. ಆಧಾರ್ ಇಲ್ಲ ಅಥವಾ ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಸರ್ವರ್ ನಿಂತ ದಿನ ಸಾಲಿನಲ್ಲಿರುವವರ ಕೋಪಕ್ಕೆ ಸಿಗುವವರು ಅಂಗಡಿಯವರೇ. ಬಂದವರಿಗೆ ಕ್ರಮಸಂಖ್ಯೆಯ ಚೀಟಿ ಕೊಟ್ಟು ಕಳಿಸಿ, ಮರುದಿನ ಅದೇ ಸರದಿಯಲ್ಲಿ ಕರೆಯುವ ಅಂಗಡಿಗಳಲ್ಲಿ ಜಗಳ ಕಡಿಮೆ. ಒಂದು ಕೆಲಸವನ್ನು ಮಾತ್ರ ಎಂದಿಗೂ ಮಾಡಬಾರದು: ಸರ್ವರ್ ಇದ್ದಾಗ ಹೆಬ್ಬೆಟ್ಟು ಒತ್ತಿಸಿಕೊಂಡು, ಧಾನ್ಯವನ್ನು ನಾಳೆ ಬಂದು ಒಯ್ಯಿರಿ ಎನ್ನುವುದು. ಯಂತ್ರದ ಲೆಕ್ಕದಲ್ಲಿ ವಿತರಣೆಯಾಗಿದೆ, ಚೀಲ ಅಂಗಡಿಯಲ್ಲೇ ಇದೆ. ಆ ಹೊತ್ತಿಗೆ ತನಿಖೆ ಬಂದರೆ ಅದಕ್ಕೆ ಹೆಚ್ಚುವರಿ ದಾಸ್ತಾನು ಎಂದೇ ಹೆಸರು.

ಬೇರೆ ಅಂಗಡಿಯ ಕಾರ್ಡಿನವರು ಬಂದರೆ ಕೊಡಬೇಕೇ?

ಕೊಡಬೇಕು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಬೇರೆ ಊರಿನವರೂ ಬೇರೆ ರಾಜ್ಯದವರೂ ತಮ್ಮ ಪಾಲಿನ ಧಾನ್ಯವನ್ನು ಯಾವ ಅಂಗಡಿಯಲ್ಲಾದರೂ ಪಡೆಯಬಹುದು. ಹೊರ ರಾಜ್ಯದವರಿಗೆ ಕಾಯ್ದೆಯ ಪ್ರಮಾಣ ಮಾತ್ರ, ಕರ್ನಾಟಕ ಕೊಡುವ ಹೆಚ್ಚುವರಿ ಪಾಲು ಸಿಗುವುದಿಲ್ಲ. ಕೊಟ್ಟಿದ್ದಕ್ಕೆ ಕಮಿಷನ್ ಕೊಟ್ಟ ಅಂಗಡಿಗೇ ಸೇರುತ್ತದೆ. ಕಾರ್ಖಾನೆ, ಕಟ್ಟಡ ಕಾಮಗಾರಿ ಹೆಚ್ಚಿರುವ ಕಡೆ ತಿಂಗಳ ಮಧ್ಯದಲ್ಲೇ ದಾಸ್ತಾನು ತೀರಬಹುದು, ಆಗ ಹೆಚ್ಚುವರಿ ಹಂಚಿಕೆಗೆ ಬರೆದುಕೊಳ್ಳಬೇಕು.

ಯಾವ ಫಲಕ, ಯಾವ ಪುಸ್ತಕ ಇಡಬೇಕು?

ಅಂಗಡಿ ತೆರೆಯುವ ಮತ್ತು ಮುಚ್ಚುವ ವೇಳೆ, ಕಾರ್ಡುವಾರು ಕೊಡುವ ಪ್ರಮಾಣ, ತಿಂಗಳಲ್ಲಿ ಬಂದ ಧಾನ್ಯ, ಆರಂಭಿಕ ಮತ್ತು ಅಂತಿಮ ಶಿಲ್ಕು, ದೂರು ಕೊಡಬೇಕಾದ ಅಧಿಕಾರಿ ಮತ್ತು ಸಹಾಯವಾಣಿಯ ವಿವರ ಫಲಕದ ಮೇಲಿರಬೇಕು. ಧಾನ್ಯದ ಮಾದರಿಯನ್ನು ಕಾಣುವಂತೆ ಇಡಬೇಕು. ದಾಸ್ತಾನು ವಹಿ, ವಿತರಣಾ ವಹಿಗಳನ್ನು ಕಾರ್ಡುದಾರರು ಕೇಳಿದರೆ ತೋರಿಸಬೇಕು. ಕಾರ್ಡುದಾರರ ಪಡಿತರ ಚೀಟಿಯನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ನಿಯಮದ ಪ್ರಕಾರ ಅಂಗಡಿಯ ತಪಾಸಣೆ ಮೂರು ತಿಂಗಳಿಗೊಮ್ಮೆಯಾದರೂ ಆಗಬೇಕು. ಜೊತೆಗೆ ಆಹಾರ ಭದ್ರತಾ ಕಾಯ್ದೆಯ 29ನೇ ಕಲಮಿನ ಪ್ರಕಾರ ಅಂಗಡಿ ಮಟ್ಟದಲ್ಲೂ ವಿತರಣೆಯ ಮೇಲೆ ಕಣ್ಣಿಡುವ ಜಾಗೃತಿ ಸಮಿತಿ ಇರುತ್ತದೆ. ಈ ಸಮಿತಿಯನ್ನು ಕಾಟವೆಂದು ಭಾವಿಸುವವರಿದ್ದಾರೆ. ಆದರೆ ಲಾರಿ ಬಂದ ದಿನ ಸಮಿತಿಯ ಇಬ್ಬರು ಸದಸ್ಯರನ್ನು ಕರೆದು ತೂಕಕ್ಕೆ ಸಾಕ್ಷಿ ಸಹಿ ಹಾಕಿಸಿಕೊಳ್ಳುವ ಅಂಗಡಿಯ ಮೇಲೆ ಕಳ್ಳ ಅಕ್ಕಿಯ ಆರೋಪ ಅಷ್ಟು ಸುಲಭವಾಗಿ ಅಂಟುವುದಿಲ್ಲ.

ತಪ್ಪಾದರೆ ಶಿಕ್ಷೆ ಏನು? ಅಮಾನತಾದರೆ ಮುಂದೇನು?

ಫಲಕ ಹಾಕದಿರುವುದು, ವಹಿ ಬರೆಯದಿರುವುದು ಇಂಥವಕ್ಕೆ ಎಚ್ಚರಿಕೆ ಅಥವಾ ದಂಡ. ದಾಸ್ತಾನಿನಲ್ಲಿ ವ್ಯತ್ಯಾಸ, ಕಡಿಮೆ ತೂಕ, ಹಣ ವಸೂಲಿಯ ದೂರು ಬಂದರೆ ಮಹಜರು, ಕಾರಣ ಕೇಳುವ ನೋಟಿಸ್, ಅಮಾನತು, ರದ್ದು. ಧಾನ್ಯವನ್ನು ಹೊರಗೆ ಸಾಗಿಸಿದ್ದು ಸಾಬೀತಾದರೆ ಅಗತ್ಯ ವಸ್ತುಗಳ ಕಾಯ್ದೆಯ 7ನೇ ಕಲಮಿನಂತೆ ಮೂರು ತಿಂಗಳಿಂದ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಹಿಡಿದ ಮಾಲನ್ನು 6ಎ ಕಲಮಿನಡಿ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ.

ನೋಟಿಸ್ ಬಂದಾಗ ಸುಮ್ಮನೆ ಕೂರುವುದೇ ದೊಡ್ಡ ತಪ್ಪು. ವಿವರಣೆ ಕೊಡಲು ಅವಕಾಶ ಕೊಡದೆ ಪ್ರಾಧಿಕಾರ ರದ್ದುಮಾಡಲು ಬರುವುದಿಲ್ಲ, ಆದರೆ ಕೊಟ್ಟ ಅವಕಾಶವನ್ನು ಬಳಸಿಕೊಳ್ಳದವರ ಪರ ಯಾವ ಮೇಲ್ಮನವಿಯೂ ನಿಲ್ಲುವುದು ಕಷ್ಟ. ಗಡುವಿನೊಳಗೆ, ವಹಿಗಳ ನಕಲು ಮತ್ತು ಲಾರಿ ರಸೀದಿಗಳೊಂದಿಗೆ ಉತ್ತರ ಕೊಡಬೇಕು. ಆದೇಶ ವಿರುದ್ಧವಾಗಿ ಬಂದರೆ ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು.

ಹಣ ಕೊಟ್ಟರೆ ಪ್ರಾಧಿಕಾರ ಮಾಡಿಸಿಕೊಡುತ್ತೇನೆ ಎನ್ನುವವರನ್ನು ನಂಬಬಹುದೇ?

ನಂಬಬಾರದು. ಪ್ರಕಟಣೆಯೇ ಇಲ್ಲದ ಊರಿಗೆ ಅಂಗಡಿ ಕೊಡಿಸುತ್ತೇನೆ ಎನ್ನುವವರು ಮೋಸಗಾರರು. ಕಚೇರಿಯ ಒಳಗಿನವರೇ ಹಣ ಕೇಳಿದರೆ ದೂರು ಕೊಡಲು ಲೋಕಾಯುಕ್ತವಿದೆ.

ನಡೆಸುವವರು ತೀರಿಕೊಂಡರೆ ಮಕ್ಕಳಿಗೆ ಬರುತ್ತದೆಯೇ? ಬೇರೆಯವರಿಗೆ ವಹಿಸಿಕೊಡಬಹುದೇ?

ಪ್ರಾಧಿಕಾರ ಆಸ್ತಿಯಲ್ಲ, ಉಯಿಲು ಬರೆದು ಹಂಚಲು ಬರುವುದಿಲ್ಲ. ವ್ಯಕ್ತಿಯ ಹೆಸರಿನಲ್ಲಿದ್ದ ಅಂಗಡಿಗೆ ಅನುಕಂಪದ ಆಧಾರದ ಮೇಲೆ ಕುಟುಂಬದವರು ಅರ್ಜಿ ಹಾಕಲು ರಾಜ್ಯದ ಆದೇಶದಲ್ಲಿ ಅವಕಾಶವಿದೆ. ವಯಸ್ಸು, ವಿದ್ಯಾರ್ಹತೆ, ಕಾಲಮಿತಿಯ ಷರತ್ತುಗಳಿರುವುದರಿಂದ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಬೇಗ ಪಡೆದು ಅರ್ಜಿ ಸಲ್ಲಿಸಬೇಕು. ಸಂಘದ ಹೆಸರಿನಲ್ಲಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ, ಠರಾವು ಮಾಡಿ ನಡೆಸುವವರ ಹೆಸರು ಬದಲಾಯಿಸಿಕೊಂಡರೆ ಆಯಿತು.

ಸಂಘದ ಹೆಸರಿನಲ್ಲಿ ಪ್ರಾಧಿಕಾರ ಪಡೆದು, ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡು ಖಾಸಗಿಯವರ ಕೈಗೆ ಅಂಗಡಿ ಒಪ್ಪಿಸುವುದು ಹಲವು ಕಡೆ ಗುಟ್ಟೇನಲ್ಲ. ಅಂಥ ಅಂಗಡಿಯಲ್ಲಿ ಧಾನ್ಯ ಕಾಣೆಯಾದ ದಿನ ನೋಟಿಸ್ ಬರುವುದು ಸಂಘದ ಅಧ್ಯಕ್ಷರಿಗೂ ಕಾರ್ಯದರ್ಶಿಗೂ, ಒಳಬಾಡಿಗೆ ಹಿಡಿದವರಿಗಲ್ಲ.

ನಷ್ಟವಾದರೆ ಅಂಗಡಿಯನ್ನು ಬಿಟ್ಟುಕೊಡುವುದು ಹೇಗೆ?

ಬಾಗಿಲು ಹಾಕಿ ಹೋಗುವಂತಿಲ್ಲ. ಆಡಳಿತ ಮಂಡಳಿಯ ಠರಾವಿನೊಂದಿಗೆ ಜಿಲ್ಲಾ ಕಚೇರಿಗೆ ರಾಜೀನಾಮೆ ಬರೆದು, ಕಾರ್ಡುಗಳನ್ನು ಬೇರೆ ಅಂಗಡಿಗೆ ಜೋಡಿಸುವ ಆದೇಶ ಬರುವವರೆಗೆ ವಿತರಣೆ ಮುಂದುವರಿಸಬೇಕು. ಉಳಿದ ಧಾನ್ಯವನ್ನು ಆಹಾರ ನಿರೀಕ್ಷಕರ ಎದುರು ತೂಗಿ ಒಪ್ಪಿಸಿ, ಯಂತ್ರ ಹಿಂದಿರುಗಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆದ ನಂತರ ಠೇವಣಿ ಮತ್ತು ಉಳಿದ ಕಮಿಷನ್ನಿಗೆ ಅರ್ಜಿ ಹಾಕಬೇಕು. ವಹಿಗಳನ್ನು ಆಮೇಲೂ ಕೆಲವು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು, ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು ಅಂಗಡಿ ಮುಚ್ಚಿದ ಮೇಲೂ ಬರುತ್ತವೆ.